ಸಹಿ ಹಾಕಲೇ, ಫಾದರ್?

ಕಳೆದ ತಪಸ್ಸುಕಾಲದ ಒಂದು ಶುಕ್ರವಾರ. ಶಿಲುಬೆಹಾದಿ ಮುಗಿಸಿ ಗುರುಮನೆಗೆ ಹಿಂದಿರುಗಿದಾಗ ಜಗಲಿಯ ಮೇಲೆ ತಾಯಿ ಮಗ ಇಬ್ಬರೂ ಕಾಯುತ್ತಾ ಕುಳಿತಿದ್ದರು. ತಾಯಿಯ ಮುಖ ಬಾಡಿತ್ತು. ಮಗನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು.

"ಫಾದರ್, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಕೈಗೆ ಬಂದ ತುತ್ತು ಬಾಯಿಗೆ ಬೇಡ ಅಂತಿದ್ದಾನೆ" ಎಂದರು ಆ ತಾಯಿ.

ಕುಡಿತವೋ, ಕೆಲಸ ಬಿಟ್ಟದ್ದೋ, ಮನೆಯವರಿಗೆ ಹಿಡಿಸದ ಮದುವೆಯೋ ಇರಬೇಕೆಂದುಕೊಂಡೆ. ಧರ್ಮಕೇಂದ್ರದ ಗುರುವಿನ ಜಗಲಿಗೆ ಸಾಮಾನ್ಯವಾಗಿ ಬರುವ ದೂರುಗಳು ಇವೇ. ಆದರೆ ವಿಷಯ ಬೇರೆಯೇ ಆಗಿತ್ತು. ಆ ಹುಡುಗ ಬಿ.ಕಾಂ. ಮುಗಿಸಿ ನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಟಿ.ವಿ. ಧಾರಾವಾಹಿಗಳಿಗೆ ಬರೆಯುತ್ತಿದ್ದಾನೆ. ರಾತ್ರಿ ಬರೆದ ದೃಶ್ಯ ಬೆಳಿಗ್ಗೆ ಚಿತ್ರೀಕರಣಕ್ಕೆ ಹೋಗುತ್ತದೆ. ಪರದೆಯ ಮೇಲೆ ಸಂಭಾಷಣೆ ಎಂದು ಬರುವ ಹೆಸರು ಅವನ ಹಿರಿಯರದು, ಇವನಿಗೆ ಸಿಗುವುದು ಕಂತಿಗೆ ಇಷ್ಟೆಂದು ಗೊತ್ತುಮಾಡಿದ ಹಣ. ಅದರ ಬಗ್ಗೆ ಅವನಿಗೆ ದೂರಿಲ್ಲ. ಕಸುಬು ಕಲಿಯುವವರು ಎಲ್ಲ ಕಡೆಯೂ ಹೀಗೆಯೇ ಅಲ್ಲವೇ? ಈ ನಡುವೆ ಎರಡು ವರ್ಷ ನಿದ್ದೆಗೆಟ್ಟು ತನ್ನದೇ ಒಂದು ಚಿತ್ರಕಥೆ ಬರೆದಿದ್ದ. ಅದನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ಮನೆಯಲ್ಲಿ ತಂಗಿಯ ಮದುವೆ ನಿಂತಿದೆ, ತಂದೆ ಇಲ್ಲ. ಕೊಡುವ ಮೊತ್ತದಿಂದ ಮದುವೆಯೂ ಆಗಿ ಸಾಲವೂ ತೀರುತ್ತಿತ್ತು.

ಫೈಲಿನಲ್ಲಿದ್ದ ಇಂಗ್ಲಿಷ್ ಕರಾರುಪತ್ರದ ಮೊದಲ ಪುಟದ ಮೇಲೆ ಕಣ್ಣಾಡಿಸಿದೆ. ಬರಹಗಾರನ ಹೆಸರು ತೆರೆಯ ಮೇಲೆ ಬರುವುದಿಲ್ಲ, ಅದಕ್ಕೆ ಅವನ ಒಪ್ಪಿಗೆ ಇದೆ ಎಂದಿತ್ತು. ನಾನು ತಡಮಾಡದೆ ಹೇಳಿದೆ: "ಹೆಸರಿನ ಆಸೆ ದೊಡ್ಡದಲ್ಲ ಮಗು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುವ ಉಪದೇಶ ನಿನಗೂ ಗೊತ್ತಿದೆ. ಅಮ್ಮನ ಮುಖ ನೋಡು. ಸಹಿ ಹಾಕಿಬಿಡು."

ಹುಡುಗ ತಲೆ ಎತ್ತದೆ ಕೇಳಿದ: "ಫಾದರ್, ಮೂರನೇ ಪುಟ ಓದಿದಿರಾ?"

ಓದಿರಲಿಲ್ಲ. ಆ ಪುಟದಲ್ಲಿ ಒಂದು ಪ್ರಮಾಣಪತ್ರವಿತ್ತು. ಈ ಕಥೆ, ಚಿತ್ರಕಥೆ, ಸಂಭಾಷಣೆಗಳೆಲ್ಲವೂ ಮತ್ತೊಬ್ಬರ ಸ್ವಂತ ಕಲ್ಪನೆಯಿಂದ ಹುಟ್ಟಿದವು, ನಾನು ಅವರು ಹೇಳಿದ್ದನ್ನು ಬರೆದುಕೊಂಡ ನಕಲುಗಾರ ಮಾತ್ರ ಎಂದು ಸತ್ಯವಾಗಿ ಹೇಳುತ್ತೇನೆ ಎಂಬ ಒಕ್ಕಣೆ. "ಸಹಿ ಹಾಕಲೇ, ಫಾದರ್?" ಎಂದ.

ನನಗೆ ನಾಚಿಕೆಯಾಯಿತು. ಒಂದು ವಾರ ಸಮಯ ಕೊಡಪ್ಪಾ ಎಂದು ಕೇಳಿ ಇಬ್ಬರನ್ನೂ ಕಳುಹಿಸಿಕೊಟ್ಟೆ. ಆ ರಾತ್ರಿ ನೆನಪಿಗೆ ಬಂದವರು ಇಬ್ಬರು. ಒಬ್ಬರು ಸಂತ ಥಾಮಸ್ ಮೋರ್. ಇನ್ನೊಬ್ಬರು ಆ ಸಂತರ ಕಥೆಯನ್ನು ತೆರೆಗೆ ಬರೆದ, ಸ್ವತಃ ವಿಶ್ವಾಸಿಯಲ್ಲದ, ಇಂಗ್ಲೆಂಡಿನ ರಾಬರ್ಟ್ ಬೋಲ್ಟ್.

ಸಂತ ಮೋರ್ ಅವರ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಎಂಟನೇ ಹೆನ್ರಿ ದೊರೆಯ ಲಾರ್ಡ್ ಚಾನ್ಸಲರ್ ಆಗಿದ್ದವರು. ದೊರೆ ತನ್ನ ಮೊದಲ ಮದುವೆಯನ್ನು ತೊಡೆದುಹಾಕಿ ತಾನೇ ಇಂಗ್ಲೆಂಡಿನ ಧರ್ಮಸಭೆಯ ಮುಖ್ಯಸ್ಥನೆಂದು ಸಾರಿಕೊಂಡಾಗ, ದೇಶದ ಗಣ್ಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೇಕಾದ ಪ್ರಮಾಣವಚನ ಕೊಟ್ಟು ಮನೆಗೆ ಹೋದರು. ಇವರು ಕೊಡಲಿಲ್ಲ. ವಿರೋಧದ ಮಾತನ್ನೂ ಆಡಲಿಲ್ಲ, ಸುಮ್ಮನಿದ್ದರು. ಕಾನೂನು ಬಲ್ಲವರಾದ್ದರಿಂದ ಮೌನವೇ ರಕ್ಷೆ ಎಂದು ನಂಬಿದ್ದರು. 1534ರ ಏಪ್ರಿಲ್‌ನಲ್ಲಿ ಅವರನ್ನು ಲಂಡನ್ ಗೋಪುರದ ಸೆರೆಗೆ ಹಾಕಿದರು. ಕೊನೆಗೆ ರಿಚರ್ಡ್ ರಿಚ್ ಎಂಬವನ ಸಾಕ್ಷ್ಯದ ಮೇಲೆ 1535ರ ಜುಲೈ 6ರಂದು ತಲೆ ಕಡಿದರು. ಅದು ಸುಳ್ಳುಸಾಕ್ಷ್ಯವೆಂದು ಮೋರ್ ನ್ಯಾಯಾಲಯದಲ್ಲೇ ಹೇಳಿದ್ದರು. ನಾನೂರು ವರ್ಷಗಳ ನಂತರ, 1935ರಲ್ಲಿ, ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಬೋಲ್ಟ್ ಹುಟ್ಟಿದ್ದು 1924ರಲ್ಲಿ, ಮ್ಯಾಂಚೆಸ್ಟರ್ ಬಳಿಯ ಸೇಲ್ ಎಂಬ ಊರಿನ ಅಂಗಡಿಕಾರರ ಮನೆಯಲ್ಲಿ. ಮನೆಯವರು ಮೆಥಡಿಸ್ಟ್ ಪಂಗಡದವರು. ಮಗ ಯೌವನದಲ್ಲಿ ಕಮ್ಯುನಿಸ್ಟನಾದ, ಅದನ್ನೂ ಬಿಟ್ಟ. ಶಾಲಾ ಮೇಷ್ಟರಾಗಿ ದುಡಿಯುತ್ತಾ ಬಿಡುವಿನಲ್ಲಿ ಬಿ.ಬಿ.ಸಿ.ಗೆ ರೇಡಿಯೋ ನಾಟಕ ಬರೆದರು. 1950ರ ದಶಕದ ಕೊನೆಗೆ ಒಂದು ನಾಟಕ ಗೆದ್ದ ಮೇಲೆ ಮೇಷ್ಟರ ಕೆಲಸ ಬಿಟ್ಟರು. ಮೋರ್ ಅವರನ್ನು ಕುರಿತ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ಮೊದಲು 1954ರಲ್ಲಿ ರೇಡಿಯೋ ನಾಟಕವಾಗಿತ್ತು, 1960ರಲ್ಲಿ ಲಂಡನ್ನಿನ ರಂಗಕ್ಕೆ ಬಂತು, 1966ರಲ್ಲಿ ಸಿನಿಮಾ ಆಯಿತು. ಒಂದೇ ವಸ್ತುವನ್ನು ಹನ್ನೆರಡು ವರ್ಷ ಮತ್ತೆ ಮತ್ತೆ ಬರೆದವರು ಅವರು. ಕಥೆ ಕೈಕೊಟ್ಟಿತೆಂದು ವಾರಕ್ಕೊಂದು ಹೊಸ ಕಥೆ ಶುರು ಮಾಡುವ ನಮ್ಮ ಹುಡುಗರಿಗೆ ಇದನ್ನು ಹೇಳಬೇಕು.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ. ನೀತಿಶಾಸ್ತ್ರ ಕಲಿಸುತ್ತಿದ್ದ ಗುರುಗಳು ಮಧ್ಯೆ ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ನಮಗೆ ಊಟದ ಗಂಟೆಯ ಕಡೆಗೇ ಗಮನ. ಆದರೂ ಒಂದು ದೃಶ್ಯ ಅಂದೇ ಮನಸ್ಸಿನಲ್ಲಿ ಉಳಿಯಿತು. ದೊರೆ ನದಿಯ ಮೇಲೆ ದೋಣಿಯಲ್ಲಿ ಮೋರ್ ಅವರ ಮನೆಗೆ ಬರುತ್ತಾನೆ. ಉತ್ಸಾಹದಲ್ಲಿ ದೋಣಿಯಿಂದ ಹಾರಿದವನು ಕೆಸರಿನಲ್ಲಿ ನಿಲ್ಲುತ್ತಾನೆ. ಒಂದು ಕ್ಷಣ ಎಲ್ಲರೂ ಸ್ತಬ್ಧ. ದೊರೆ ತನ್ನ ಕಾಲನ್ನು ನೋಡಿಕೊಂಡು ನಗುತ್ತಾನೆ. ಕೂಡಲೇ ಪರಿವಾರದವರೆಲ್ಲ ನಗುತ್ತಾರೆ, ರೇಷ್ಮೆಯ ಉಡುಪಿನಲ್ಲೇ ಒಬ್ಬೊಬ್ಬರಾಗಿ ಕೆಸರಿಗೆ ಹಾರುತ್ತಾರೆ. ಆಸ್ಥಾನವೆಂದರೆ ಏನು, ಭಯವೆಂದರೆ ಏನು, ಎಲ್ಲರೂ ಸಹಿ ಹಾಕುವುದೆಂದರೆ ಏನು ಎಂಬುದನ್ನು ಒಂದೂ ಮಾತಿಲ್ಲದೆ ಹೇಳಿದ ದೃಶ್ಯ ಅದು. ಚಿತ್ರಕಥೆ ಬರೆಯುವುದು ಮಾತು ಬರೆಯುವುದೆಂದು ತಿಳಿದಿದ್ದ ನನಗೆ ಅದು ಮಾತನ್ನು ಬಿಡುವ ಕಲೆಯೂ ಹೌದೆಂದು ಗೊತ್ತಾಗಿದ್ದು ಆಗ.

ನಾಟಕದಲ್ಲೂ ಚಿತ್ರದಲ್ಲೂ ಇರುವ ಇನ್ನೊಂದು ಸಂಗತಿ ನಮ್ಮ ಹುಡುಗನ ಪ್ರಶ್ನೆಗೆ ಹತ್ತಿರದ್ದು. ಯುವಕ ರಿಚ್ ಪದವಿಗಾಗಿ ಹಂಬಲಿಸಿ ಮೋರ್ ಅವರ ಬಳಿ ಬರುತ್ತಾನೆ. ಅವರು ಮೇಷ್ಟರಾಗು ಎಂದು ಬುದ್ಧಿ ಹೇಳುತ್ತಾರೆ. ಒಳ್ಳೆಯ ಮೇಷ್ಟರಾದರೂ ಯಾರಿಗೆ ಗೊತ್ತಾಗುತ್ತದೆ ಎಂಬುದು ಅವನ ಕೊರಗು. ಅದೇ ರಿಚ್ ಕೊನೆಗೆ ವೇಲ್ಸ್ ಪ್ರಾಂತ್ಯದ ಅಟಾರ್ನಿ ಜನರಲ್ ಹುದ್ದೆಯ ಸರಪಳಿ ಕೊರಳಿಗೆ ಹಾಕಿಕೊಂಡು ಸುಳ್ಳುಸಾಕ್ಷಿ ಹೇಳಲು ಬರುತ್ತಾನೆ. ಇದನ್ನು ಬರೆದವರೇ ಮೇಷ್ಟರ ಕೆಲಸ ಬಿಟ್ಟು ರಂಗಕ್ಕೂ ಸಿನಿಮಾಕ್ಕೂ ಹೋದವರು! ತನ್ನೊಳಗಿನ ರಿಚ್‌ನನ್ನು ಬೋಲ್ಟ್ ಚೆನ್ನಾಗಿ ಬಲ್ಲವರಾಗಿದ್ದರೆಂದೇ ನನ್ನ ಭಾವನೆ.

ಈಗ 1961ರ ಸಂಗತಿಗೆ ಬರೋಣ. ಮೋರ್ ನಾಟಕ ಗೆದ್ದಿತ್ತು. ಡೇವಿಡ್ ಲೀನ್ ನಿರ್ದೇಶನದ 'ಲಾರೆನ್ಸ್ ಆಫ್ ಅರೇಬಿಯಾ' ಚಿತ್ರಕ್ಕೆ ಬರೆಯಲು ಬೋಲ್ಟ್ ಅವರನ್ನು ಕರೆಸಿಕೊಂಡಿದ್ದರು. ಮೇ ತಿಂಗಳಲ್ಲಿ ಜೋರ್ಡಾನ್ ಮರುಭೂಮಿಯಲ್ಲಿ ಚಿತ್ರೀಕರಣ ಆರಂಭವಾಯಿತು, ಆದರೆ ಚಿತ್ರಕಥೆ ಇನ್ನೂ ಮುಗಿದಿರಲಿಲ್ಲ. ಅದೇ ಸಮಯಕ್ಕೆ ಬೋಲ್ಟ್ ಅಣುಬಾಂಬಿನ ವಿರುದ್ಧದ ಚಳವಳಿಯಲ್ಲಿದ್ದರು. ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ದೊಡ್ಡ ಪ್ರತಿಭಟನೆಗೆ ಮುಂಚೆ ಚಳವಳಿಯ ಮುಂದಾಳುಗಳನ್ನು ನ್ಯಾಯಾಲಯಕ್ಕೆ ಕರೆಸಿ, ಶಾಂತಿ ಕದಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಿ, ಬಿಟ್ಟುಬಿಡುತ್ತೇವೆ ಎಂದರು. ಹಲವರು ಒಪ್ಪಲಿಲ್ಲ. 89 ವರ್ಷದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಕೂಡ ಒಪ್ಪದೆ ಏಳು ದಿನ ಸೆರೆಮನೆಗೆ ಹೋದರು. ಬೋಲ್ಟ್ ಅವರಿಗೆ ಒಂದು ತಿಂಗಳು. ಸಹಿ ಹಾಕದವನ ಕಥೆ ಬರೆದವನು ತಾನೂ ಸಹಿ ಹಾಕದೆ ಸೆರೆಗೆ ಹೋದ. ಕಥೆ ಇಲ್ಲಿಗೆ ಮುಗಿದಿದ್ದರೆ ಪ್ರಬೋಧನೆಗೆ ಎಷ್ಟು ಚೆನ್ನಾಗಿರುತ್ತಿತ್ತು!

ಆದರೆ ಎರಡು ವಾರಗಳಾದ ಮೇಲೆ ಚಿತ್ರದ ನಿರ್ಮಾಪಕ ಸ್ಯಾಮ್ ಸ್ಪೀಗೆಲ್ ಸೆರೆಮನೆಗೆ ಬಂದರು. ಬರಹವಿಲ್ಲದೆ ಚಿತ್ರ ನಿಲ್ಲುತ್ತದೆ, ಅದನ್ನು ನಂಬಿ ದುಡಿಯುವವರೆಲ್ಲ ಕೆಲಸ ಕಳೆದುಕೊಳ್ಳುತ್ತಾರೆ, ನಿನ್ನ ಒಂದು ಸಹಿ ಸಾಕು ಎಂದರು. ಬೋಲ್ಟ್ ಮುಚ್ಚಳಿಕೆಗೆ ಸಹಿ ಹಾಕಿ ಹೊರಬಂದರು. ಚಿತ್ರ ಮುಗಿಯಿತು, 1962ರಲ್ಲಿ ತೆರೆಕಂಡಿತು, ಲೋಕಪ್ರಸಿದ್ಧವಾಯಿತು. ಬೋಲ್ಟ್ ಆ ಸಹಿಗಾಗಿ ಮುಂದೆ ಬಹಳ ಪಶ್ಚಾತ್ತಾಪಪಟ್ಟರು. ಚಿತ್ರ ಮುಗಿದ ಮೇಲೆ ಸ್ಪೀಗೆಲ್ ಜೊತೆ ಮಾತನ್ನೇ ಬಿಟ್ಟರು.

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಬೋಲ್ಟ್ ಮಾಡಿದ್ದು ಪಾಪವೇ? ಗುರುಮಠದಲ್ಲಿ ಕಲಿತ ಅಳತೆಗೋಲಿನಿಂದ ಅಳೆದರೆ ಅಲ್ಲ ಎಂದೇ ಹೇಳಬೇಕು. ಸಂತ ಥಾಮಸ್ ಅಕ್ವಿನಾಸ್ ಅವರ ವಿವೇಚನೆಯಲ್ಲಿ ಸತ್ಯವನ್ನು ವಿವೇಕದಿಂದ ಮರೆಯಲ್ಲಿಡುವುದು ಬೇರೆ, ಮನಸ್ಸು ಒಪ್ಪದ್ದನ್ನು ನಿಜವೆಂದು ನುಡಿಯುವುದು ಬೇರೆ. ಮೊದಲನೆಯದಕ್ಕೆ ಎಡೆಯುಂಟು, ಎರಡನೆಯದಕ್ಕೆ ಇಲ್ಲ. ಮೋರ್ ಅವರನ್ನು ಕೇಳಿದ್ದು, ಸುಳ್ಳೆಂದು ತಾವು ನಂಬಿದ್ದನ್ನು ದೇವರ ಮುಂದೆ ನಿಜವೆಂದು ಹೇಳಲು. ಬೋಲ್ಟ್ ಅವರನ್ನು ಕೇಳಿದ್ದು, ಮುಂದೆ ಹೀಗೆ ಮಾಡುವುದಿಲ್ಲ ಎಂಬ ಮಾತನ್ನಷ್ಟೇ. ಅಣುಬಾಂಬು ಒಳ್ಳೆಯದೆಂದು ಹೇಳು ಎಂದು ಯಾರೂ ಅವರನ್ನು ಕೇಳಲಿಲ್ಲ. ಜೊತೆಗೆ ಇನ್ನೊಬ್ಬರ ಅನ್ನದ ಪ್ರಶ್ನೆಯೂ ಇತ್ತು. ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾವ ಗುರುವೂ ಆ ಸಹಿಯನ್ನು ದೊಡ್ಡ ಅಪರಾಧವೆಂದು ಎಣಿಸಲಾರ.

ಹಾಗಿದ್ದರೂ ಆ ಮನುಷ್ಯ ಏಕೆ ಅಷ್ಟು ನೊಂದರು? ಈ ಪ್ರಶ್ನೆ ನನ್ನನ್ನು ಆ ವಾರವಿಡೀ ಕಾಡಿತು. ಮನಸ್ಸಾಕ್ಷಿ ತಪ್ಪಾಗಿ ತಿಳಿದುಕೊಂಡಿದ್ದರೂ ಅದರ ವಿರುದ್ಧ ನಡೆಯುವವನು ತಪ್ಪಿತಸ್ಥನೇ ಎಂದು ಅದೇ ಅಕ್ವಿನಾಸ್ ಹೇಳುತ್ತಾರೆ. ಬೋಲ್ಟ್ ಎಲ್ಲರೆದುರು ಒಲ್ಲೆ ಎಂದಿದ್ದರು, ಅದಕ್ಕೆ ತನ್ನನ್ನೇ ಒತ್ತೆಯಿಟ್ಟಿದ್ದರು. ಸಹಿ ಹಾಕಿದಾಗ ಅವರು ಸುಳ್ಳು ಹೇಳಲಿಲ್ಲ, ಹೇಳಿದ್ದನ್ನು ಅಳಿಸಿದರು. ಅದೂ ಲಂಚಕ್ಕೆ ಬಿದ್ದು ಅಲ್ಲ. ನಾಲ್ಕು ಜನರ ಹೊಟ್ಟೆಗೆ ಹೊಡೆಯಬೇಡ ಎಂಬ ದಯೆಯ ಮಾತಿಗೆ ಬಿದ್ದು. ದುಡ್ಡಿನ ಆಮಿಷವನ್ನು ತಳ್ಳುವಷ್ಟು ಬಲ ನಮ್ಮಲ್ಲಿ ಹಲವರಿಗೆ ಇರುತ್ತದೆ. ದಯೆಯ ವೇಷದಲ್ಲಿ ಬಂದದ್ದನ್ನು ತಳ್ಳುವುದು ಬಹಳ ಕಷ್ಟ. ನಾಟಕದಲ್ಲಿ ಮೋರ್ ಅವರ ಗೆಳೆಯ ನಾರ್ಫಕ್ ಪ್ರಭು ಕೂಡ ಬೆದರಿಸುವುದಿಲ್ಲ, ಸ್ನೇಹಕ್ಕಾಗಿ ನಮ್ಮ ಜೊತೆ ಸೇರು ಎಂದು ಬೇಡುತ್ತಾನೆ. ಅದನ್ನು 1960ರಲ್ಲಿ ಬರೆದ ಕೈಯೇ 1961ರಲ್ಲಿ ಮುಚ್ಚಳಿಕೆಗೆ ಸಹಿ ಹಾಕಿತು. ಆಮೇಲೆ ಅದೇ ಕೈ ಮತ್ತೆ ಕುಳಿತು ಅದೇ ದೃಶ್ಯಗಳನ್ನು ಸಿನಿಮಾಕ್ಕೆಂದು ಬರೆಯಿತು. ಆ ದಿನಗಳಲ್ಲಿ ಅವರ ಮನಸ್ಸಿನಲ್ಲಿ ಏನು ನಡೆದಿರಬಹುದು! 1966ರ ಆ ಚಿತ್ರಕ್ಕೆ ಆರು ಆಸ್ಕರ್ ಪ್ರಶಸ್ತಿಗಳು ಬಂದವು. ಅವುಗಳಲ್ಲಿ ಒಂದು ಬೋಲ್ಟ್ ಅವರ ಚಿತ್ರಕಥೆಗೆ.

ತಾನು ಹತ್ತಲಾಗದ ಬೆಟ್ಟವನ್ನು ವರ್ಣಿಸಿದವನ ಬರಹ ಸುಳ್ಳಾಗುತ್ತದೆಯೇ? ಸುಳ್ಳೆನ್ನುವ ಧೈರ್ಯ ನನಗಂತೂ ಇಲ್ಲ. ಭಾನುವಾರದ ಪ್ರಬೋಧನೆಯಲ್ಲಿ ಕ್ಷಮೆಯ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿ, ಸೋಮವಾರ ಅಡಿಗೆಯವನು ಸಾರಿಗೆ ಉಪ್ಪು ಹಾಕಲು ಮರೆತನೆಂದು ಸಂಜೆಯವರೆಗೆ ಮುಖ ಗಂಟಿಕ್ಕಿಕೊಂಡವನು ನಾನು. ನನ್ನ ಮಾತು ನನಗಿಂತ ದೊಡ್ಡದು. ದೊಡ್ಡದಾಗಿರುವುದರಿಂದಲೇ ಅದು ನನ್ನನ್ನು ಚುಚ್ಚುತ್ತದೆ. ಬೋಲ್ಟ್ ಅವರಿಗೂ ಹಾಗೇ ಆಗಿರಬೇಕು. ಮೋರ್ ಅವರ ಕಥೆ ಬರೆಯದೇ ಇದ್ದಿದ್ದರೆ ಆ ಸಹಿ ಅವರನ್ನು ಅಷ್ಟು ಕಾಡುತ್ತಿತ್ತೇ?

'ಲಾರೆನ್ಸ್' ಚಿತ್ರಕ್ಕೆ ಸೇರಿದ ಇನ್ನೊಬ್ಬ ಬರಹಗಾರರ ವಿಷಯವನ್ನೂ ಹೇಳಬೇಕು. ಬೋಲ್ಟ್ ಅವರಿಗಿಂತ ಮೊದಲು ಆ ಚಿತ್ರಕಥೆಯನ್ನು ಬರೆದವರು ಅಮೆರಿಕದ ಮೈಕೆಲ್ ವಿಲ್ಸನ್. 1951ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಚಿತ್ರರಂಗದಲ್ಲಿ ಕಮ್ಯುನಿಸ್ಟರು ಯಾರೆಂದು ಹುಡುಕುತ್ತಿದ್ದಾಗ ವಿಲ್ಸನ್ ಉತ್ತರ ಕೊಡಲು ಒಪ್ಪಲಿಲ್ಲ. ಅಂದಿನಿಂದ ಅವರ ಹೆಸರು ಕಪ್ಪುಪಟ್ಟಿಗೆ ಸೇರಿತು. ಬರೆದರು, ಹೆಸರು ಬರಲಿಲ್ಲ. 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಚಿತ್ರಕ್ಕೆ ಅವರು ಮತ್ತು ಕಾರ್ಲ್ ಫೋರ್‌ಮನ್ ಬರೆದ ಚಿತ್ರಕಥೆಯ ಆಸ್ಕರ್ ಪ್ರಶಸ್ತಿ, ಅದನ್ನು ಬರೆಯದೇ ಇದ್ದ ಫ್ರೆಂಚ್ ಕಾದಂಬರಿಕಾರ ಪಿಯರ್ ಬೂಲ್ ಹೆಸರಿಗೆ ಹೋಯಿತು. 'ಲಾರೆನ್ಸ್' ಚಿತ್ರದಲ್ಲೂ ಚಿತ್ರಕಥೆ ಎಂದು ಬಂದದ್ದು ಬೋಲ್ಟ್ ಒಬ್ಬರ ಹೆಸರು. ವಿಲ್ಸನ್ 1978ರಲ್ಲಿ ತೀರಿಕೊಂಡರು. ಅಮೆರಿಕದ ಬರಹಗಾರರ ಸಂಘ ಅವರ ಹೆಸರನ್ನು 'ಲಾರೆನ್ಸ್' ಚಿತ್ರಕ್ಕೆ ಸೇರಿಸಿದ್ದು 1995ರಲ್ಲಿ. ಬೋಲ್ಟ್ ತೀರಿಕೊಂಡದ್ದೂ ಅದೇ ವರ್ಷ. ಒಂದೇ ಚಿತ್ರದ ಇಬ್ಬರು ಬರಹಗಾರರು: ಬಾಯಿಬಿಡದೆ ಹೆಸರು ಕಳೆದುಕೊಂಡವರೊಬ್ಬರು, ಸಹಿ ಹಾಕಿ ಹೆಸರು ಉಳಿಸಿಕೊಂಡವರೊಬ್ಬರು.

ಇದನ್ನೆಲ್ಲ ಯೋಚಿಸಿದ ಮೇಲೆ ನಮ್ಮ ಹುಡುಗನ ಕರಾರಿನ ಮೊದಲ ಪುಟಕ್ಕೂ ಮೂರನೇ ಪುಟಕ್ಕೂ ಇರುವ ಅಂತರ ನನಗೆ ಸ್ಪಷ್ಟವಾಯಿತು. ಹೆಸರು ಬೇಡವೆಂದು ಬಿಟ್ಟುಕೊಡುವುದು ತನ್ನ ಹಕ್ಕನ್ನು ಬಿಟ್ಟಂತೆ. ತಾಯಿಗಾಗಿ ತಂಗಿಗಾಗಿ ಬಿಡಬಹುದು, ಅದು ತ್ಯಾಗವೂ ಆದೀತು. ನಾನು ಬರೆದಿಲ್ಲ ಎಂದು ಸಹಿ ಹಾಕುವುದು ಎಂಟನೆಯ ಕಟ್ಟಳೆಗೆ ಸೇರಿದ ವಿಷಯ. ಅಲ್ಲಿ ತ್ಯಾಗದ ಮಾತಿಗೆ ಜಾಗವಿಲ್ಲ. ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಸೆಕ್ಷನ್ ಪ್ರಕಾರ, ಕೃತಿಯ ಹಕ್ಕನ್ನು ಪೂರ್ತಿ ಮಾರಿದ ಮೇಲೂ ಇದನ್ನು ಬರೆದವನು ನಾನು ಎಂದು ಹೇಳಿಕೊಳ್ಳುವ ಹಕ್ಕು ಬರೆದವನಿಗೆ ಉಳಿಯುತ್ತದೆ ಎಂದರು. ಮೂರನೇ ಪುಟ ಏಕೆ ಬೇಕಾಗಿತ್ತೆಂದು ಆಗ ಅರ್ಥವಾಯಿತು. ಚಿತ್ರಕಥೆಯನ್ನು ಯಾರಿಗೂ ತೋರಿಸುವ ಮೊದಲೇ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕು, ಮುಂಬಯಿಯ ಚಿತ್ರಕಥೆಗಾರರ ಸಂಘ ಸದಸ್ಯರಿಗೆ ಆ ಸೌಲಭ್ಯ ಕೊಡುತ್ತದೆ ಎಂಬುದನ್ನೂ ಅವರಿಂದಲೇ ತಿಳಿದೆ. ಮಕ್ಕಳು ಈ ಕಸುಬಿಗೆ ಹೋಗುತ್ತೇವೆ ಎಂದರೆ ಬೈಯುವ ತಂದೆತಾಯಿಯರು, ಬೈಯುವುದರ ಜೊತೆಗೆ ಇಷ್ಟನ್ನು ವಿಚಾರಿಸಿಕೊಟ್ಟರೆ ಉಪಕಾರವಾದೀತು.

ಒಂದು ವಾರದ ನಂತರ ಇಬ್ಬರೂ ಬಂದರು. ಮೂರನೇ ಪುಟ ತೆಗೆದರೆ ಸಹಿ ಹಾಕು, ತೆಗೆಯದಿದ್ದರೆ ಬೇಡ ಎಂದೆ. ಹುಡುಗನ ಮುಖ ಹಗುರವಾಯಿತು. ತಾಯಿ ಮಾತ್ರ ಏನೂ ಹೇಳದೆ ಸೆರಗು ಸರಿಮಾಡಿಕೊಂಡು ಎದ್ದರು.

ಆಗ ನನಗೆ ಮೋರ್ ಅವರ ಪತ್ನಿ ಆಲಿಸ್ ನೆನಪಾದರು. ಮನಸ್ಸಾಕ್ಷಿ ಒಬ್ಬರದು, ಅದರ ಖರ್ಚು ಮನೆಯವರದು. 1535ರಲ್ಲಿ ಆಕೆ ಅಧಿಕಾರಿಗಳಿಗೆ ಬರೆದ ಪತ್ರ ಉಳಿದಿದೆ. ಸೆರೆಯಲ್ಲಿದ್ದ ಗಂಡನ ಮತ್ತು ಅವರ ಆಳಿನ ಊಟದ ಖರ್ಚಿಗೆ ವಾರಕ್ಕೆ 15 ಶಿಲಿಂಗ್ ಕಟ್ಟಲು ತನ್ನ ಉಡುಪುಗಳನ್ನೇ ಮಾರಬೇಕಾಯಿತೆಂದು ಅದರಲ್ಲಿ ತೋಡಿಕೊಂಡಿದ್ದಾರೆ. ಬೋಲ್ಟ್ ಬರೆದ ಸೆರೆಮನೆಯ ದೃಶ್ಯದಲ್ಲಿ ಮೋರ್ ಅವರಿಗೆ ಸಾವಿಗಿಂತ ಹೆಚ್ಚು ಭಯ ಹುಟ್ಟಿಸುವುದು, ತಾನು ಏಕೆ ಸಾಯುತ್ತಿದ್ದೇನೆಂದು ಹೆಂಡತಿಗೆ ಅರ್ಥವಾಗದೇ ಹೋಗಬಹುದೆಂಬ ಆತಂಕ. ಆಕೆಗೆ ಅರ್ಥವಾಗುವುದೂ ಇಲ್ಲ. ಅರ್ಥವಾಗಲಿಲ್ಲ ಎಂದು ಹೇಳಿಯೇ ಆಕೆ ಗಂಡನನ್ನು ಅಪ್ಪಿಕೊಳ್ಳುತ್ತಾಳೆ. ವಿಶ್ವಾಸವಿಲ್ಲದ ಬರಹಗಾರ ಅಲ್ಲಿ ಸಂತನ ಕಡೆಗೂ ವಾಲದೆ ಹೆಂಡತಿಯ ಕಡೆಗೂ ವಾಲದೆ ಬರೆದಿದ್ದಾರೆ. ಇಬ್ಬರ ಮಾತೂ ನಿಜವೆನಿಸುತ್ತದೆ.

ಮೂರನೇ ಪುಟವನ್ನು ಅವರು ತೆಗೆಯಲಿಲ್ಲ. ಹುಡುಗ ಫೈಲನ್ನು ವಾಪಸ್ಸು ತಂದ. ಧಾರಾವಾಹಿಗೆ ರಾತ್ರಿ ಬರೆಯುವ ಕೆಲಸ ಎಂದಿನಂತೆ ನಡೆದಿದೆ. ತಂಗಿಯ ಮದುವೆ ಮುಂದಿನ ವರ್ಷಕ್ಕೆ ಹೋಯಿತು. ಆ ತಾಯಿ ಈಗಲೂ ಭಾನುವಾರದ ಪೂಜೆಗೆ ತಪ್ಪದೆ ಬರುತ್ತಾರೆ. ಪೂಜೆ ಮುಗಿದ ಮೇಲೆ ನಾನು ಜನರನ್ನು ಮಾತನಾಡಿಸಲು ಮುಂಬಾಗಿಲಲ್ಲಿ ನಿಲ್ಲುತ್ತೇನೆ. ಅವರು ಪಕ್ಕದ ಬಾಗಿಲಿನಿಂದ ಹೋಗುತ್ತಾರೆ.